ಸಸಿ ಇರಲಿ, ಬ್ಲೋವರ್ ಓಡ್ತಿದೆಯಾ?

ಇನ್ನೊಂದು ಕಂಪನಿಯ ಪೋಸ್ಟ್ ಈಗಷ್ಟೇ ಕಣ್ಣಿಗೆ ಬಿತ್ತು. ಹಸಿರು ಟೀಶರ್ಟು, ಕೈಯಲ್ಲಿ ಸಸಿ, ಕೆಳಗೆ 'ಪರಿಸರವೇ ನಮ್ಮ ಉಸಿರು'. ಉಸಿರಂತೆ! ನಿಮ್ಮ ಇಟಿಪಿಯಲ್ಲಿ (ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡೋ ಘಟಕ) ಕೊಳೆ ತಿನ್ನೋ ಬ್ಯಾಕ್ಟೀರಿಯಾಗೆ ರಾತ್ರಿ ಉಸಿರಾಡೋಕೆ ಬಿಡ್ತೀರಾ, ಅದನ್ನ ಹೇಳಿ ಮೊದಲು.

ಆ ಬ್ಯಾಕ್ಟೀರಿಯಾ ಇರೋ ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇರಬೇಕು. ಅದಕ್ಕೆ ಗಾಳಿ ಊದೋ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಘಟಕದ ಕರೆಂಟಿನಲ್ಲಿ ದೊಡ್ಡ ಪಾಲು ತಿನ್ನೋದೂ ಅದೇ. ಈಗ ಪ್ಲಾಂಟ್ ಮ್ಯಾನೇಜರ್ ಬೋನಸ್ಸನ್ನ ಕರೆಂಟ್ ಬಿಲ್ಲಿಗೆ ಗಂಟು ಹಾಕಿ. ನೈಟ್ ಶಿಫ್ಟಿನಲ್ಲಿ ಬ್ಲೋವರ್ ಬಂದ್! ಹೀಗೇ ನಡೆದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು ಕಪ್ಪಾಗಿ ನಾರುತ್ತೆ, ಸೆಟ್ಲಿಂಗ್ ಟ್ಯಾಂಕಿನಲ್ಲಿ ತಳ ಸೇರೋ ಬದಲು ತೇಲಿ, ನೀರಿನ ಜೊತೆ ಹೊರಗೆ ಹೋಗುತ್ತೆ. ಆಪರೇಟರ್‌ಗೆ ಎಲ್ಲ ಕಾಣುತ್ತೆ. ಆದರೆ ಅವನು ಗುತ್ತಿಗೆಯವನು. ಉತ್ಪಾದನೆಯ ಲೈನ್ ನಿಲ್ಲಿಸಿ ಅನ್ನೋದಿರಲಿ, ಬ್ಲೋವರ್ ಹಾಕಿ ಅನ್ನೋಕೂ ಅಧಿಕಾರ ಇಲ್ಲ.

'ನಮಗೆ ಐಎಸ್‌ಒ 14001 ಇದೆಯಲ್ಲ ಸಾರ್' ಅಂತಾರೆ. ಇರಲಿ, ಸಂತೋಷ. ಆ ಮಾನದಂಡ ಮಾಲಿನ್ಯದ ಮಿತಿ ಗೊತ್ತುಮಾಡಲ್ಲ, ಪರಿಸರ ನಿರ್ವಹಣೆಗೆ ಒಂದು ವ್ಯವಸ್ಥೆ ಇರಬೇಕು ಅನ್ನುತ್ತೆ ಅಷ್ಟೆ. ಕೆಲಸಗಾರರ ಸಾಮರ್ಥ್ಯ, ತಿಳಿವಳಿಕೆಯನ್ನೂ ಅದೇ ಕೇಳುತ್ತೆ. ಅದು ಬಹಳ ಕಡೆ ಹಾಜರಿ ಪುಸ್ತಕದ ಸಹಿಗೆ ಮುಗಿಯುತ್ತೆ.

ಹೆಸರು ಹೋಗೋಕೆ ಎಷ್ಟು ಹೊತ್ತು? 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕದಲ್ಲಿ ತನ್ನ ಉದ್ಯಮಕ್ಕೇ ಮೊದಲು. ಅದೇ ತಿಂಗಳು ಡೀಸೆಲ್ ಹಗರಣ ಬಯಲಾಯ್ತು. ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡೋ ಸಾಫ್ಟ್‌ವೇರ್ ಇದ್ದದ್ದು ಸುಮಾರು 1.1 ಕೋಟಿ ವಾಹನಗಳಲ್ಲಿ. ಅಕ್ಟೋಬರಿನಲ್ಲಿ ಪಟ್ಟಿಯಿಂದ ಹೊರಗೆ. ಆ ಕೋಡನ್ನ ಬರೆದದ್ದೂ ಸಂಬಳದ ನೌಕರರೇ ತಾನೇ? ಇನ್ನೊಂದು ದಾರಿಯೂ ಇತ್ತು: 3ಎಂ ಕಂಪನಿ 1975ರಲ್ಲೇ, ಮಾಲಿನ್ಯವನ್ನ ಹುಟ್ಟುವ ಜಾಗದಲ್ಲೇ ತಡೆಯೋ ಉಪಾಯಗಳನ್ನ ನೌಕರರಿಂದಲೇ ತರಿಸಿಕೊಳ್ಳೋ ಕಾರ್ಯಕ್ರಮ ಶುರುಮಾಡಿತ್ತು. (3ಎಂ ಸಾಧುವಲ್ಲ, ಪಿಎಫ್ಎಎಸ್ ಅನ್ನೋ, ಸುಲಭಕ್ಕೆ ಕರಗಿಹೋಗದ ರಾಸಾಯನಿಕಗಳ ಕಥೆ ಬೇರೆಯೇ ಇದೆ.)

ಒತ್ತಡದ ಗಾಳಿ ಸಾಗಿಸೋ ಕಂಪ್ರೆಸರ್ ಲೈನನ್ನೇ ನೋಡಿ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತು ಸುಮಾರು 3 ಕಿಲೋವ್ಯಾಟ್ ನುಂಗುತ್ತೆ. ಬೇಕಾದ್ದು ಒಂದು ಕಪ್ಲಿಂಗ್ ಇಲ್ಲಾ ಕ್ಲಾಂಪ್. ಫಿಟ್ಟರ್‌ಗೆ ಸೋರಿಕೆ ಕಿವಿಗೇ ಕೇಳಿಸುತ್ತೆ, ಆದರೂ ಮುಟ್ಟಲ್ಲ. ಯಾಕಂದ್ರೆ ಮೆಷಿನ್ ನಿಲ್ಲಿಸಿದ ಪ್ರತಿ ನಿಮಿಷವೂ ಡೌನ್‌ಟೈಮ್ ಅಂತ ಅವನ ತಲೆಗೇ ಬೀಳುತ್ತೆ. ಸೋರಿಕೆ ರಿಪೇರಿ ಸಮಯವನ್ನ ಆ ಲೆಕ್ಕದಿಂದ ತೆಗೀರಿ, ಸೋರಿಕೆ ಗುರುತಿಸಿ ಟ್ಯಾಗ್ ಹಾಕಿದವನ ಹೆಸರು ಶಿಫ್ಟ್ ರಿಜಿಸ್ಟರಿನಲ್ಲಿ ಬರೀರಿ, ಬಿಡಿಭಾಗ ಅವನೇ ಸ್ಟೋರಿನಿಂದ ತಗೊಳ್ಳೋ ಹಾಗೆ ಮಾಡಿ. ಟೀಶರ್ಟಿನ ಬಜೆಟ್ಟಿನಲ್ಲೇ ಕ್ಲಾಂಪ್ ಬರುತ್ತೆ.