ಬೆನ್ನಿಗೆ ಕನ್ನಡಿ ಇಲ್ಲ

ಆಫೀಸಿಗೆ ಹೊರಟವರೆಲ್ಲ ಕನ್ನಡಿ ನೋಡಿಕೊಂಡೇ ಬಂದಿರುತ್ತಾರೆ, ಅನುಮಾನವಿಲ್ಲ. ಆದರೆ ಕನ್ನಡಿಗೆ ಗೊತ್ತಿರುವುದು ಮುಂಭಾಗ ಮಾತ್ರ. ಹಿಂಭಾಗದ ಸಮಾಚಾರವೆಲ್ಲ ಮೆಟ್ರೋ ಎಸ್ಕಲೇಟರಿನಲ್ಲಿ ಎರಡು ಮೆಟ್ಟಿಲು ಕೆಳಗೆ ನಿಂತ ನನ್ನಂಥವರಿಗೆ ಗೊತ್ತು.

ಹೊಸ ಕೋಟನ್ನೇ ನೋಡಿ. ಅದರ ಹಿಂದೆ ಒಂದು ಸೀಳು ಇರುತ್ತದಲ್ಲ, ಅಂಗಡಿ ತಲುಪುವವರೆಗೆ ಅದು ಬಾಯಿ ಬಿಡದಿರಲಿ ಅಂತ ಹೊಲಿದವರು ಇಂಟು ಆಕಾರದಲ್ಲಿ ದಪ್ಪ ದಾರದ ಕಚ್ಚಾ ಹೊಲಿಗೆ ಹಾಕಿರುತ್ತಾರೆ. ಮನೆಗೆ ತಂದ ಮೇಲೆ ಕತ್ತರಿಸಿ ಎಸೆಯಬೇಕು. ಎಸೆಯುವುದಿಲ್ಲ. ಸಾವಿರಾರು ಸುರಿದು ಕೊಂಡ ಕೋಟಿನ ಮೇಲೆ, ತಪ್ಪು ಉತ್ತರಕ್ಕೆ ಮೇಷ್ಟ್ರು ಹಾಕಿದ ಹಾಗೆ ಒಂದು ಇಂಟು ಮಾರ್ಕು ಹೊತ್ತುಕೊಂಡು ಮಹಾನುಭಾವರು ನೇರ ಮೀಟಿಂಗಿಗೆ ಹೋಗುತ್ತಾರೆ. ಜೇಬಿನದೂ ಇದೇ ಕತೆ. ಆಕಾರ ಕೆಡಬಾರದು ಅಂತ ಅದನ್ನೂ ಸುಮ್ನೆ ಹೊಲಿದಿರುತ್ತಾರೆ, ಇವರು ಅದು ನಕಲಿ ಜೇಬು ಅಂತಲೇ ನಂಬಿ ಮೊಬೈಲನ್ನು ಕೈಯಲ್ಲೇ ಹಿಡಿದು ಓಡಾಡುತ್ತಾರೆ. ತೋಳಿನ ಮೇಲಿನ ಬ್ರ್ಯಾಂಡ್ ಪಟ್ಟಿಯನ್ನಂತೂ ಕೆಲವರು ಬೇಕಂತಲೇ ಬಿಟ್ಟಿರುತ್ತಾರೆ ಅಂತ ನನಗೆ ಗುಮಾನಿ. ಕಂಬಿ ಹಿಡಿಯುವಾಗ ಆ ತೋಳೇ ಯಾಕೆ ಮೇಲೇಳಬೇಕು?

ಬಿಳಿ ಶರ್ಟಿನೊಳಗೆ ಬಿಳಿ ಬನಿಯನ್ ಕಾಣುವುದಿಲ್ಲ ಅನ್ನುವುದು ಇನ್ನೊಂದು ನಂಬಿಕೆ. ಚೆನ್ನಾಗಿಯೇ ಕಾಣುತ್ತದೆ, ಮೈಬಣ್ಣದ್ದೋ ಬೂದು ಬಣ್ಣದ್ದೋ ಆದರೆ ಅಷ್ಟು ಎದ್ದು ಕಾಣುವುದಿಲ್ಲ. ಹೊಸ ಕಡುನೀಲಿ ಜೀನ್ಸ್ ಹಾಕಿದವರ ಪಕ್ಕ ತಿಳಿಬಣ್ಣದ ಬ್ಯಾಗ್ ಇಡಬೇಡಿ. ಅದರ ನೀಲಿ ನೂಲಿನ ಒಳಕ್ಕೆ ಪೂರ್ತಿ ಇಳಿದಿರುವುದಿಲ್ಲ, ಉಜ್ಜಿದ ಕಡೆಗೆಲ್ಲ ಅಂಟುತ್ತದೆ. ಇನ್ನು ಕತ್ತಲಲ್ಲೇ ಬಟ್ಟೆ ಹಾಕಿಕೊಂಡು ಹೊರಡುವವರು ಕಪ್ಪು ಸಾಕ್ಸ್ ಒಂದು, ನೀಲಿ ಸಾಕ್ಸ್ ಒಂದು ಅಂತ ಬರುತ್ತಾರೆ. ಪಾಪ, ಅವರನ್ನು ಬಿಟ್ಟುಬಿಡೋಣ.

ನನ್ನ ಅಚ್ಚುಮೆಚ್ಚಿನದು ಸೈಜ್ ಸ್ಟಿಕ್ಕರ್. ಹೊಸ ಪ್ಯಾಂಟಿನ ಕಾಲಿಗೆ ಉದ್ದಕ್ಕೂ ಅಂಟಿಸಿರುವ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ 36, 36, 36 ಅಂತ ಕೆಳಗಿನವರೆಗೂ. ಮನೆಯವರಿಗೂ ಹೇಳದ ಸೊಂಟದ ಸುತ್ತಳತೆ ಇಡೀ ಬೋಗಿಗೆ ಬಹಿರಂಗ. ಹೇಳಬೇಕೋ ಬೇಡವೋ ಅನ್ನುವುದು ದೊಡ್ಡ ಧರ್ಮಸಂಕಟ. ಹೇಳದಿದ್ದರೆ ಆ ಮನುಷ್ಯ ಅದನ್ನೇ ಹೊತ್ತುಕೊಂಡು ಮ್ಯಾನೇಜರ್ ಮುಂದೆ ನಿಲ್ಲುತ್ತಾನೆ, ಹೇಳಿದರೆ 'ನೀವ್ಯಾಕ್ರೀ ಅಲ್ಲಿ ನೋಡ್ತಿದ್ರಿ' ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿರಬೇಕು.

ಒಂದು ಸಲ ಧೈರ್ಯ ಮಾಡಿ, "ಸಾರ್, ನಿಮ್ಮ ಪ್ಯಾಂಟ್ ಹಿಂದೆ..." ಅಂದೆ ಅಷ್ಟೇ. ಮಾತು ಮುಗಿಯುವ ಮೊದಲೇ ಅವರು ಹಿಂದಿನ ಜೇಬು ತಡವಿ, ಪರ್ಸ್ ಇದೆ ಅಂತ ಖಾತ್ರಿ ಮಾಡಿಕೊಂಡು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅಕ್ಕಪಕ್ಕದವರೂ ತಂತಮ್ಮ ಜೇಬು ಮುಟ್ಟಿ ನೋಡಿಕೊಂಡರು. "ಪರ್ಸ್ ಅಲ್ಲ ಸಾರ್, ಸ್ಟಿಕ್ಕರ್" ಅಂತ ನಾನು ಸ್ವಲ್ಪ ಜೋರಾಗಿಯೇ ಹೇಳಬೇಕಾಯಿತು, ಅದರಿಂದ ನೋಡದೆ ಇದ್ದವರೂ ನೋಡಿದರು. ಅವರು ಬಗ್ಗಿ ಪರ್ ಅಂತ ಕಿತ್ತರು. ಕಿತ್ತರೂ ಅದು ಬೆರಳು ಬಿಡುವುದಿಲ್ಲ, ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ. ಕಡೆಗೆ ಪಕ್ಕದ ಕಂಬಿಗೆ ಒರೆಸಿ, ನನ್ನ ಕಡೆ ತಿರುಗಿಯೂ ನೋಡದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹೋದರು.

ಅಲ್ಲೇ ಹತ್ತಿದ ಒಬ್ಬ ತೆಳ್ಳನೆಯ ಹುಡುಗ, ಇಂಟರ್‌ವ್ಯೂಗೆ ಹೊರಟವನಿರಬೇಕು, ಅದೇ ಕಂಬಿಗೆ ಒರಗಿ ಫೈಲ್ ತೆಗೆದು ಓದತೊಡಗಿದ. ಇಳಿಯುವಾಗ ಅವನ ಬೆನ್ನ ಮೇಲೆ 36, 36, 36. ಅವನಿಗೆ 28 ಆದರೆ ಜಾಸ್ತಿ.