ಡಬ್ಬಿ ಮೇಲಿನ ಬ್ಯಾಚ್ ನಂಬರ್

2010ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅಬಾಟ್ ಕಂಪನಿ ಸುಮಾರು 35.9 ಕೋಟಿ ಶುಗರ್ ಸ್ಟ್ರಿಪ್ (ರಕ್ತದ ಹನಿ ಹಾಕಿ ಮೀಟರ್‌ನಲ್ಲಿ ಸಕ್ಕರೆ ನೋಡುವ ಪಟ್ಟಿ) ವಾಪಸ್ ತೆಗೆದುಕೊಂಡಿತ್ತು. ಆ ಸ್ಟ್ರಿಪ್‌ಗಳು ರಕ್ತವನ್ನು ಬೇಗ ಹೀರಿಕೊಳ್ಳದೆ, ಸಕ್ಕರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತಿದ್ದವು. ಹಳೆಯದಾದರೆ, ತುಂಬಾ ದಿನ ಸೆಕೆಯಲ್ಲಿಟ್ಟರೆ ಇನ್ನೂ ಜಾಸ್ತಿ. ಆ ಸುದ್ದಿ ಓದಿದಾಗ ನಮ್ಮನೆ ಕಥೆಯೇ ಅನಿಸಿತು. ಕಂಪನಿ ಬೇರೆ, ಅಷ್ಟೇ.

ಹೋದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅಮ್ಮನಿಗೆ ಮೀಟರ್ 54 ತೋರಿಸಿತು. ಅವರು ನೋಡಿದರೆ ಆರಾಮಾಗಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾರೆ! ಸಕ್ಕರೆ ಅಷ್ಟು ಇಳಿದರೆ ಬರುವ ಬೆವರಿಲ್ಲ, ಕೈ ನಡುಕವಿಲ್ಲ. ನಾನೇ ಗಾಬರಿಯಾಗಿ ಒಂದು ಲೋಟ ಸಕ್ಕರೆ ನೀರು ಕುಡಿಸಿದೆ. "ನಂಗೇನೂ ಆಗಿಲ್ಲ ಕಣೋ" ಅಂತ ಬೈದುಕೊಂಡೇ ಕುಡಿದರು. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ಮೀಟರ್ 71, ಅದೇ ಹೊತ್ತಿಗೆ ಲ್ಯಾಬ್‌ನಲ್ಲಿ 138. ಮೀಟರ್‌ಗಳಿಗಿರುವ ಐಎಸ್ಒ (ಅಂತರರಾಷ್ಟ್ರೀಯ ಗುಣಮಟ್ಟ) ನಿಯಮದಲ್ಲಿ ಸಕ್ಕರೆ 100ರ ಮೇಲಿದ್ದರೆ ಶೇ. 15ರಷ್ಟು ಆಚೀಚೆ ಒಪ್ಪುತ್ತಾರೆ. ಇದು ಅರ್ಧಕ್ಕರ್ಧ! ಮೀಟರ್ ನಂಬಿ ಇನ್ಸುಲಿನ್ ಕಡಿಮೆ ಮಾಡಿದ್ದರೆ ಏನು ಗತಿ, ಅಲ್ವಾ?

ನಮ್ಮದೂ ತಪ್ಪಿದೆ ಅನ್ನಿ. ಸ್ಟ್ರಿಪ್ ಡಬ್ಬಿ ಇದ್ದದ್ದು ಒಲೆ ಪಕ್ಕದ ಕಿಟಕಿಯಲ್ಲಿ, ಮುಚ್ಚಳ ಎಷ್ಟೋ ಸಲ ಅರ್ಧ ತೆರೆದೇ ಇರುತ್ತಿತ್ತು.

ಡಬ್ಬಿ ಬದಲಿಸಿಕೊಡಿ ಅಂದರೆ ಮೆಡಿಕಲ್ ಶಾಪಿನವನು ಬಿಲ್ ಕೇಳಿದ. ಬಿಲ್ಲೂ ಇಲ್ಲ, ರಟ್ಟಿನ ಪೆಟ್ಟಿಗೆಯೂ ಇಲ್ಲ. ಪುಣ್ಯಕ್ಕೆ ಡಬ್ಬಿ ಮೇಲೇ ಬ್ಯಾಚ್ ನಂಬರ್ ಇತ್ತು. ಅದನ್ನು ಹೇಳಿ ಕಂಪನಿ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದ ಮೇಲೆ ಬೇರೆ ಡಬ್ಬಿ ಕಳಿಸಿದರು. ಏನಾಗಿತ್ತು ಅಂತ ಮಾತ್ರ ಇವತ್ತಿಗೂ ಹೇಳಿಲ್ಲ.