ಇನಿಷಿಯಲ್ ಇರುವುದು ಅಜಾಗರೂಕತೆಯಲ್ಲ

ಪಾಸ್‌ಪೋರ್ಟ್ ಅರ್ಜಿಗೆ ಕೊಡುವ ದಾಖಲೆಗಳಲ್ಲಿ ಹೆಸರು ತಾಳೆಯಾಗದೆ ತಿರಸ್ಕಾರವಾಗುವುದು ಅರ್ಜಿದಾರರ ಅಜಾಗರೂಕತೆಯಿಂದ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಹೆಸರಿನ ಜೊತೆ ಊರಿನದೋ ಅಪ್ಪನದೋ ಇನಿಷಿಯಲ್ ಇರುವುದು ಮಾಮೂಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಶಾಲೆಯವರು ಹಾಗೇ ಬರೆಸುತ್ತಾರೆ. ಆದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ, ಪೂರ್ತಿ ಹೆಸರಾಗಿ ಬರೆಯಬೇಕು. ಬಿಡಿಸಿದರೆ ಅಂಕಪಟ್ಟಿಗೆ ತಾಳೆಯಾಗುವುದಿಲ್ಲ. ನನ್ನ ತಂಗಿಯನ್ನು ಕೌಂಟರಿನಿಂದ ವಾಪಸ್ ಕಳಿಸಿದ್ದು ಇದಕ್ಕೇ. ಇದರಲ್ಲಿ ಅವಳ ತಪ್ಪೇನು ಹೇಳಿ?

"ಕೂಡಲೇ ಆಧಾರ್ ತಿದ್ದಿಸಿ" ಅನ್ನುವ ಆ ಲೇಖನದ ಸಲಹೆಯಂತೂ ಅಪಾಯದ್ದು. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ 2 ಸಲ, ಹುಟ್ಟಿದ ದಿನಾಂಕಕ್ಕೆ 1 ಸಲ ಮಾತ್ರ ಅವಕಾಶ. ಸೈಬರ್ ಸೆಂಟರ್‌ನವರು ಹೇಳಿದರು ಅಂತ ಗಡಿಬಿಡಿಯಲ್ಲಿ ತಿದ್ದಿಸಿದರೆ, ಮುಂದೆ ನಿಜವಾಗಿ ಬೇಕಾದಾಗ ಪರದಾಟ. ಮೊದಲು ಪ್ಯಾನ್, ಅಂಕಪಟ್ಟಿ, ಪಾಸ್‌ಬುಕ್ ಎಲ್ಲ ಮುಂದಿಟ್ಟುಕೊಂಡು, ಯಾವ ಹೆಸರು ಕೊನೆತನಕ ಇರಬೇಕು ಅಂತ ಮನೆಯಲ್ಲೇ ತೀರ್ಮಾನಿಸಿ. ಆಮೇಲೆ ತಿದ್ದುಪಡಿ.

ಲೇಖನ ಬಿಟ್ಟಿರುವ ಒಂದು ಮುಖ್ಯ ವಿಷಯ: 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಲು ಹುಟ್ಟಿದ ದಿನಾಂಕದ ಪುರಾವೆ ಜನನ ಪ್ರಮಾಣಪತ್ರವೊಂದೇ. ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಇನ್ನೂ ಖಾಲಿ ಇರುತ್ತದೆ. ಪುಟ್ಟ ಮಕ್ಕಳಿರುವವರು ದಯವಿಟ್ಟು ಇವತ್ತೇ ತೆಗೆದು ನೋಡಿ.